ಬೀಗರ ಕರಡಿ, ನಮ್ಮ ಮೇಕೆ

"ಲಾಂಛನ ಬರೆಯೋಕೆ ಪಂಡಿತರು ಯಾಕ್ರೀ ಬೇಕು? ಹಾಲು ಹೆಪ್ಪಾಗೋದ್ರೊಳಗೆ ಬರೆದು ಬಿಸಾಕ್ತೀನಿ!"

ಮೆಲ್ಕ್ ಆಬ್‌ಡರ್‌ಹಾಲ್ಡನ್ ಹೀಗೆ ಗುಡುಗಿದಾಗ ಟೊಗ್ಗನ್‌ಬುರ್ಗ್ ಕಣಿವೆಯ ಹಸುಗಳೆಲ್ಲ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿದವಂತೆ. ಅವನ ಹೆಂಡತಿ ಅಗತಾ ಮಾತ್ರ ತಲೆಯೆತ್ತಲಿಲ್ಲ. ಮೂವತ್ತು ವರ್ಷದಿಂದ ಇಂಥ ಗುಡುಗು ಕೇಳಿ ಅವಳ ಕಿವಿ ಪಳಗಿತ್ತು.

ಗುಡುಗಿಗೆ ಕಾರಣವಿತ್ತು. ಮಗಳು ರೆಗುಲಾಳಿಗೆ ಕೆಳಗಿನ ಪೇಟೆಯಲ್ಲಿ ಹೋಟೆಲು ನಡೆಸುವ ಬೇರ್ಲೋಖರ್ ಮನೆತನದ ಲಿನುಸ್ ಜೊತೆ ಮದುವೆ ಗೊತ್ತಾಗಿತ್ತು. ನಿಶ್ಚಿತಾರ್ಥದ ಊಟದ ದಿನ ಹೆಣ್ಣಿನ ಅಪ್ಪ ಒಂದು ಬಣ್ಣದ ಗಾಜಿನ ಫಲಕ ಕೊಡಬೇಕು. ಅದರಲ್ಲಿ ಎರಡೂ ಮನೆತನದ ಲಾಂಛನದ ಗುರಾಣಿಗಳು ಅಕ್ಕಪಕ್ಕ, ಕೆಳಗೆ ಅವರವರ ಹೆಸರು. ಅದು ಗಂಡಿನ ಮನೆಯ ಊಟದ ಕೋಣೆಯ ಕಿಟಕಿಯಲ್ಲಿ ಮೊಮ್ಮಕ್ಕಳ ಕಾಲದವರೆಗೂ ಕೂರುತ್ತದೆ. ಬೇರ್ಲೋಖರರ ಗುರಾಣಿಯ ಮೇಲೆ ಮುನ್ನೂರು ವರ್ಷದಿಂದ ಕಪ್ಪು ಕರಡಿಯಿದೆ. ಆಬ್‌ಡರ್‌ಹಾಲ್ಡನ್ನರಿಗೆ? ಮೆಲ್ಕ್ ಅಟ್ಟ ಜಾಲಾಡಿದ. ಸಿಕ್ಕಿದ್ದು ಒಡೆದ ಹಸುವಿನ ಗಂಟೆ, ಎರಡು ಇಲಿ.

"ಅಜ್ಜನ ಸಲಿಕೆ ಹಿಡಿ ಮೇಲೆ ಮೂರು ಗೀಟು ಕೆತ್ತಿದೆಯಲ್ಲ, ನಮ್ಮನೆ ಗುರುತು. ಅದೇ ಸಾಕು ಬಿಡ್ರೀ," ಎಂದಳು ಅಗತಾ.

"ಕರಡಿ ಎದುರಿಗೆ ಮೂರು ಗೀಟಾ? ಕರಡಿ ಉಗುರಲ್ಲಿ ಪರಚಿದ್ದು ಅಂದ್ಕೋತಾರೆ ಕಣೇ!"

ಸರಿ, ಮೆಲ್ಕ್ ಗ್ರಂಥಾಲಯದಿಂದ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ತಂದ. ಒಂದೇ ವಾರದಲ್ಲಿ ಗುರಾಣಿ ತುಂಬಿತು. ಧೈರ್ಯಕ್ಕೆ ಕಾಡುಮೇಕೆ, ಸ್ಥೈರ್ಯಕ್ಕೆ ಲಾರ್ಚ್ ಮರ, ಚೀಸ್ ಮಾಡುವ ಕಸುಬಿಗೆ ಗಾಲಿಯಂಥ ಮೂರು ಚಿನ್ನದ ಬಣ್ಣದ ಚೀಸ್, ಯಾವುದೋ ಯುದ್ಧದಲ್ಲಿ ಯಾರನ್ನೋ ಕಡಿದಿರಬಹುದಾದ ಪೂರ್ವಜನಿಗೆ ಒಂದು ಕೊಡಲಿ. ಹಿಂದೆ ಬೆಳ್ಳಿಯ ಹಿಮಪರ್ವತ. ಖಾಲಿ ಉಳಿದ ಮೂಲೆಯಲ್ಲಿ ನಕ್ಷತ್ರ!

"ಮೇಕೆ ಎಲ್ಲಿ ನಿಲ್ಲುತ್ತೆ?" ಅಗತಾ ಕೇಳಿದಳು.

"ಚೀಸ್ ಮೇಲೆ."

"ಕಾಲು ಜಾರುತ್ತೆ ಪಾಪ."

ಗಾಜಿನ ಕೆಲಸದ ಒತ್ತೀಲಿಯಾ ಬಹಳ ಕಡಿಮೆ ಮಾತಿನವಳು. ಆದರೆ ಆಡುವ ಒಂದೊಂದು ಮಾತೂ ಮೆಲ್ಕ್‌ನ ಗುರಾಣಿಯಿಂದ ಒಂದೊಂದು ಸಾಮಾನು ಎತ್ತಿಕೊಂಡು ಹೋಯಿತು.

"ಬೆಳ್ಳಿ ಮೇಲೆ ಚಿನ್ನದ ಬಣ್ಣ ಬರೋ ಹಾಗಿಲ್ಲ, ದೂರಕ್ಕೆ ಕಾಣಲ್ಲ." ಚೀಸ್ ಹೋಯಿತು. "ಮರ ಸೊಪ್ಪಿನ ಕಟ್ಟು ಇದ್ದ ಹಾಗಿದೆ." ಮರ ಹೋಯಿತು. "ಇದು ಕೊಡಲಿಯೋ ಬಾಣಲೆಯೋ?" ಕೊಡಲಿಯ ಜೊತೆ ಪೂರ್ವಜನೂ ಹೋದ. ಪರ್ವತ, ನಕ್ಷತ್ರ ಯಾವಾಗ ಹೋದವೋ ಮೆಲ್ಕ್‌ಗೆ ಗೊತ್ತೇ ಆಗಲಿಲ್ಲ. ಕೊನೆಗೆ ಉಳಿದದ್ದು ಕೆಂಪು ಹಿನ್ನೆಲೆಯ ಮೇಲೆ ಒಂಟಿ ಬಿಳಿ ಮೇಕೆ.

"ಯಾವ ಕಡೆ ಮುಖ?"

"ಬಲಕ್ಕೆ!" ಮೆಲ್ಕ್ ಪುಸ್ತಕ ತಟ್ಟಿದ. "ಎಡಕ್ಕೆ ನೋಡೋ ಪ್ರಾಣಿ ಹೇಡಿ ಅಂತ ಇದರಲ್ಲೇ ಇದೆ."

"ಯಾರ ಬಲಕ್ಕೆ?"

ಮೆಲ್ಕ್‌ನ ತಾಳ್ಮೆಯ ಕಟ್ಟೆ ಒಡೆಯಿತು. "ಬಲ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತೇನಮ್ಮಾ? ಈ ಕೈ ಬಲ! ಇದೂ ನಿಮ್ಮನ್ನ ಕೇಳಿ ತಿಳ್ಕೋಬೇಕಾ? ನಾನು ಬರೆದ ಹಾಗೇ ಮಾಡಿ!"

"ಇಲ್ಲಿ ಸಹಿ ಹಾಕಿ," ಎಂದಳು ಒತ್ತೀಲಿಯಾ.

ನಿಶ್ಚಿತಾರ್ಥದ ಭಾನುವಾರ ಬೇರ್ಲೋಖರರ ಹೋಟೆಲಿನ ಊಟದ ಕೋಣೆಯಲ್ಲಿ ಹುರಿದ ಆಲೂಗಡ್ಡೆಯ ರೋಸ್ಟಿ ಹಬೆಯಾಡುತ್ತಿತ್ತು. ಫಲಕ ಕೂರಿಸಲು ಒತ್ತೀಲಿಯಾ ಕೂಡ ಬಂದಿದ್ದಳು. ಮೆಲ್ಕ್ ಚಕ್ರವರ್ತಿಯ ಠೀವಿಯಲ್ಲಿ ಬಟ್ಟೆ ಸರಿಸಿದ. ಬಿಸಿಲು ಬಿತ್ತು, ಗಾಜು ಹೊಳೆಯಿತು, ಎಲ್ಲರೂ "ಆಹಾ" ಎಂದರು. ಎರಡನೆಯ "ಆಹಾ" ಬರಲಿಲ್ಲ.

ಎಡಗಡೆ ಬೇರ್ಲೋಖರರ ಕರಡಿ ಹೆಣ್ಣಿನ ಮನೆಯವರತ್ತ ಮುಖ ಮಾಡಿ ವಿನಯದಿಂದ ನಿಂತಿತ್ತು. ಬಲಗಡೆ ಆಬ್‌ಡರ್‌ಹಾಲ್ಡನ್ನರ ಮೇಕೆ ಅದಕ್ಕೆ ಬೆನ್ನು ಕೊಟ್ಟು, ಮೋಟು ಬಾಲ ಎತ್ತಿ, ಗೋಡೆ ನೋಡುತ್ತಿತ್ತು.

ಲಿನುಸ್‌ನ ತಾಯಿ ಕ್ರೆಸೆನ್ಸಿಯಾ ಚಮಚ ಕೆಳಗಿಟ್ಟಳು. "ಬೀಗರೇ, ನಮ್ಮ ಕರಡಿ ಮುನ್ನೂರು ವರ್ಷದಲ್ಲಿ ಮೊದಲ ಸಲ ಮರ್ಯಾದೆಗೆ ಅಂತ ನಿಮ್ಮ ಕಡೆ ತಿರುಗಿದೆ. ಅದಕ್ಕೆ ನಿಮ್ಮ ಮೇಕೆ ತೋರಿಸ್ತಿರೋದು ಏನನ್ನ?"

"ಧೈರ್ಯಾನ," ಎಂದ ಮೆಲ್ಕ್. ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಅದು ಸರಿ ಕೇಳಿಸಲಿಲ್ಲ.

ಒತ್ತೀಲಿಯಾ ತಣ್ಣಗೆ ವಿವರಿಸಿದಳು. "ಲಾಂಛನದಲ್ಲಿ ಬಲ ಅಂದ್ರೆ ಗುರಾಣಿ ಹಿಡಿದು ಹಿಂದೆ ನಿಂತೋನ ಬಲ. ಎದುರಿಗಿರೋ ನಮಗೆ ಅದು ಎಡ. ಹಾಗೆ ಬರೆದಿದ್ರೆ ಮೇಕೆ ಕರಡಿ ಮುಖಾನೇ ನೋಡ್ತಿತ್ತು. ಯಾರ ಬಲ ಅಂತ ಕೇಳಿದ್ದೆ. ಸಹಿ ಇದೆ."

ಮೆಲ್ಕ್ ಫಲಕವನ್ನು ಬೆನ್ನು ಮುಂದೆ ಮಾಡಿ ತಿರುಗಿಸಿದ. ಮೇಕೆ ಎಡಕ್ಕೆ ಬಂತು, ಕರಡಿ ಬಲಕ್ಕೆ ಹೋಯಿತು, ಹೆಸರುಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆದವು. ಮೇಕೆಯ ಬಾಲ ಮಾತ್ರ ಕರಡಿಯ ಮೂಗಿನ ಮುಂದೆಯೇ! ತಲೆಕೆಳಗು ಮಾಡಿದ. ಎರಡೂ ಪ್ರಾಣಿಗಳು ಕಾಲು ಮೇಲೆ ಮಾಡಿ ಮಲಗಿದವು, ಬಾಲ ಇದ್ದಲ್ಲೇ ಇತ್ತು. ಜಗತ್ತಿನ ಯಾವ ದಿಕ್ಕಿಗೆ ಹಿಡಿದರೂ ಕರಡಿಗೆ ಬಾಲದರ್ಶನ ತಪ್ಪಲಿಲ್ಲ.

"ಇನ್ನೂ ಎಷ್ಟು ಕೋನದಿಂದ ತೋರಿಸ್ತೀರಿ ಬೀಗರೇ?" ಎಂದಳು ಕ್ರೆಸೆನ್ಸಿಯಾ. "ಇದು ನಮ್ಮ ಕಿಟಕೀಲಿ ಕೂರಲ್ಲ. ಇದು ಸರಿಯಾಗದೆ ಮದುವೆ ಮಾತೂ ಬೇಡ."

ಲಿನುಸ್ ರೋಸ್ಟಿಯನ್ನೇ ನೋಡುತ್ತ ಕೂತ. ರೆಗುಲಾಳ ಮುಖ ಮೇಕೆಯಷ್ಟೇ ಬೆಳ್ಳಗಾಯಿತು.

"ಹೊಸದು ಮಾಡೋಕೆ ಮೂರು ತಿಂಗಳು," ಎಂದಳು ಒತ್ತೀಲಿಯಾ. "ಮದುವೆ ಬರೋ ತಿಂಗಳು. ಸೀಸದ ಪಟ್ಟಿ ಬಿಚ್ಚಿ ನಿಮ್ಮ ಅರ್ಧ ಮಾತ್ರ ಹಿಂದುಮುಂದು ಮಾಡಿ ಕೂರಿಸಬಹುದು, ಒಂದು ವಾರ ಸಾಕು. ಮೇಕೆ ಕರಡಿ ಕಡೆ ತಿರುಗುತ್ತೆ. ಆದರೆ ನಿಮ್ಮ ಹೆಸರು ಉಲ್ಟಾ ಓದಬೇಕಾಗುತ್ತೆ."

"ಆಬ್‌ಡರ್‌ಹಾಲ್ಡನ್ ಉಲ್ಟಾನಾ! ಬಂದೋರೆಲ್ಲ ಇದ್ಯಾವ ಭಾಷೆ ಅಂತ ಕೇಳಲಿ ಅಂತಾನಾ? ಪ್ರಾಣ ಹೋದ್ರೂ ಆಗಲ್ಲ!" ಮೆಲ್ಕ್ ಮೂಗು ಅರಳಿಸಿ, ಧಡ್ಡನೆ ಎದ್ದು, ಇಡೀ ಮೇಜಿಗೆ ಬೆನ್ನು ಹಾಕಿ ಗೋಡೆಯ ಕಡೆ ನಿಂತುಬಿಟ್ಟ.

"ರೀ, ಬನ್ರೀ ಈ ಕಡೆ," ಅಗತಾ ಪಿಸುಗುಟ್ಟಿದಳು. ಬೆನ್ನು ಅಲುಗಲಿಲ್ಲ.

ರೆಗುಲಾ ಎದ್ದು ನಿಂತಳು. "ಅಪ್ಪಾ, ಆ ಹೆಸರನ್ನ ಬರೋ ತಿಂಗಳು ನಾನೇ ಚರ್ಚಲ್ಲಿ ಬಿಟ್ಟು ಬರ್ತೀನಿ. ಆಮೇಲೆ ಅದು ನೆಟ್ಟಗಿದ್ರೇನು, ಉಲ್ಟಾ ಇದ್ರೇನು? ದಿನಾ ಆ ಕಿಟಕಿ ಕೆಳಗೆ ಅತ್ತೆ ಎದುರು ಕೂತು ಊಟ ಮಾಡೋಳು ನಾನು."

ಬೆನ್ನು ಒಂಚೂರು ಅಲುಗಿತು. ಮುಖ ಮಾತ್ರ ಇನ್ನೂ ಗೋಡೆಗೇ.

ರೆಗುಲಾ ಒಮ್ಮೆ ಗಾಜಿನ ಮೇಕೆಯನ್ನು ನೋಡಿದಳು, ಒಮ್ಮೆ ಅಪ್ಪನ ಬೆನ್ನನ್ನು ನೋಡಿದಳು.

"ಮೇಕೆ ತಿರುಗೋಕೆ ಒಂದು ವಾರ ಸಾಕಂತೆ ಅಪ್ಪಾ. ನಿನಗೆಷ್ಟು ದಿನ ಬೇಕು?"