ಬೀಗಿತಿಗಾಗಿ ಕಲಿತ ಸ್ಪ್ಯಾನಿಷ್

ಮೂವತ್ತು ವರ್ಷ ಮಸ್ಕತ್‌ನಲ್ಲಿ ಕಳೆದವಳಿಗೆ ಭಾಷೆಯ ಫಜೀತಿ ಹೊಸತಲ್ಲ, ವಾರಕ್ಕೊಂದು ಗ್ಯಾರಂಟಿ. ಆದರೆ ಆ ವರ್ಷದ್ದು ಬೇರೆಯೇ. ಮಗ ತನ್ನ ಆಫೀಸಿನ ಸ್ಪೇನಿನ ಹುಡುಗಿಯನ್ನು ಮೆಚ್ಚಿದ್ದ. ಅವಳ ತಾಯಿ ಬಂದು ನಮ್ಮನ್ನು ನೋಡಿ ಹೂಂ ಅಂದರೆ ಮಾತ್ರ ಮದುವೆ. ಅವರಿಗೋ ಸ್ಪ್ಯಾನಿಷ್ ಬಿಟ್ಟರೆ ಬೇರೇನೂ ಬಾರದು. ಮಗನನ್ನು ನಡುವೆ ಕೂರಿಸದೆ ನಾನೇ ಮಾತಾಡುತ್ತೇನೆಂದು ಹಟ ಹಿಡಿದೆ.

ಕಿಟಕಿ

ಹುಡುಗಿ ಕೊಟ್ಟ ಪುಟ್ಟ ನಿಘಂಟು ಬಿಡಿಸಿದರೆ ಮೇಜಿಗೆ ‘ಮೇಸಾ’, ಸಾಬೂನಿಗೆ ‘ಹಬೋನ್’! ಪೋರ್ಚುಗೀಸರು ಬಿಟ್ಟುಹೋದ ಶಬ್ದಗಳ ನಡುವೆಯೇ ಬೆಳೆದ ಮಂಗಳೂರಿನ ಕೊಂಕಣಿಯವಳು ನಾನು. ಎಲ್ಲ ನೆಂಟರ ಹಾಗೆ ಕಂಡವು. ಕಿಟಕಿಗೂ ನಮ್ಮ ‘ಜನೆಲ್’ ಇರಬೇಕೆಂದು ಹುಡುಕಿದೆ. ಇಲ್ಲ, ‘ವೆಂತಾನಾ’. ಗಾಳಿಗೆ ‘ವಿಯೆಂತೊ’ ಅನ್ನುತ್ತಾರಂತೆ, ಅದರ ಮಗಳು ಇವಳು.

“ಹಾಗಾದರೆ ಏಸಿಗೋಸ್ಕರ ಸದಾ ಮುಚ್ಚಿಡುವ ನಮ್ಮ ಕಿಟಕಿಗೆ ಏನನ್ನಬೇಕು?” ಎಂದು ಮಗನನ್ನು ಕೇಳಿದೆ.

“ಗೋಡೆ,” ಎಂದ.

ಸಕ್ಕರೆ

ಕೆಳಗಿನ ಅಂಗಡಿಯ ಒಮಾನಿ ಮುದುಕರಿಗೆ ನನ್ನ ಪಟ್ಟಿ ಓದಿ ಹೇಳಿದೆ: ಅಕ್ಕಿಗೆ ಅರ್ರೋಸ್, ಎಣ್ಣೆಗೆ ಅಸೇಯ್ತೆ, ಸಕ್ಕರೆಗೆ ಅಸೂಕಾರ್.

“ರುಝ್, ಝೈತ್, ಸುಕ್ಕರ್! ಎಲ್ಲ ನಮ್ಮ ಅರಬ್ಬಿಯದೇ ಅಮ್ಮಾ!” ಎಂದು ಅವರು ಕುಣಿದಾಡಿದರು.

“ಸುಕ್ಕರ್ ಮಾತ್ರ ನಮ್ಮದು. ಸಂಸ್ಕೃತದ ಶರ್ಕರದಿಂದ ನಿಮ್ಮಲ್ಲಿಗೆ ಬಂದದ್ದು,” ಎಂದೆ.

ಅವರು ಗಡ್ಡ ನೀವಿಕೊಂಡರು. “ಡಾಕ್ಟರು ಹೇಗೂ ಅದನ್ನು ಮುಟ್ಟಬೇಡ ಅಂದಿದ್ದಾರೆ. ನೀವೇ ಇಟ್ಟುಕೊಳ್ಳಿ, ಖಲಾಸ್!”

ಬೀಗಿತಿ

ಅಂತೂ ಅವರು ಬಂದರು. ಮಗ, ಹುಡುಗಿ ಚಹಾ ಮಾಡಲು ಒಳಗೆ ಹೋದರು. ಇದೇ ಸಮಯವೆಂದು ನಾನು ಶುರು ಮಾಡಿದೆ. ಕಲಿತದ್ದೆಲ್ಲ ಬರೀ ಸಾಮಾನುಗಳ ಹೆಸರು, ಒಂದೇ ಒಂದು ಕ್ರಿಯಾಪದವಿಲ್ಲ ಎಂಬುದು ಹೊಳೆದದ್ದು ಆಮೇಲೆ.

“ಮೇಸಾ. ಅರ್ಮಾರಿಯೊ. ಅಲ್ಮೊಆದಾ.” ಮೇಜು, ಕಪಾಟು, ದಿಂಬು ಎಂದು ಬೆರಳು ಮಡಚುತ್ತ ಹೇಳಿದೆ. ಅವರ ಮುಖ ಗಂಭೀರವಾಯಿತು. ಚೀಲದಿಂದ ಪೆನ್ನು, ಕಾಗದ ತೆಗೆದು ಬರೆದುಕೊಳ್ಳತೊಡಗಿದರು. ನನ್ನ ಉಚ್ಚಾರ ಮೆಚ್ಚಿದರೆಂದು ಹಿಗ್ಗಿ ಅಕ್ಕಿ, ಎಣ್ಣೆಯನ್ನೂ ಸೇರಿಸಿದೆ.

ಹುಡುಗಿ ಟ್ರೇ ಹಿಡಿದು ಬಂದಾಗ ತಾಯಿ ಆ ಕಾಗದ ತೋರಿಸಿ ಏನೋ ಕೇಳಿದರು. ಅವಳು ನಗು ತಡೆಯಲಾರದೆ ನನ್ನ ಮಗನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಮಗ ತಲೆ ಮೇಲೆ ಕೈ ಹೊತ್ತ.

“ಎಂತ ಮಾಂಯ್, ನೀನು ವರದಕ್ಷಿಣೆ ಕೇಳಿದ್ದಾ? ಇಂಡಿಯಾದಲ್ಲಿ ಗಂಡಿನ ತಾಯಿ ಪಟ್ಟಿ ಕೊಡ್ತಾರೆ ಅಂತ ಅವರು ಎಲ್ಲೋ ಕೇಳಿದ್ದರಂತೆ. ಹುಡುಗ ಒಪ್ಪಿಗೆ, ಪಟ್ಟಿಯೂ ಒಪ್ಪಿಗೆಯಂತೆ. ಆದರೆ ಕಪಾಟು ಸ್ಪೇನಿನಿಂದಲೇ ಹೊತ್ತು ತರಬೇಕಾ, ಇಲ್ಲೇ ಮಸ್ಕತ್‌ನ ವಾದಿ ಅದಾಯ್ ಪೇಟೆಯಲ್ಲಿ ತಗೊಂಡರೆ ಸಾಕಾ ಅಂತ ಕೇಳ್ತಿದ್ದಾರೆ!”