ಬ್ರೇಕ್ ಇನ್ಸ್‌ಪೆಕ್ಟರ್ ಮೆಚ್ಚಿದ ಲಾರಿ

ತಿಪ್ಪೇಶಪ್ಪನ ಲಾರಿಗೆ ಹ್ಯಾಂಡ್ ಬ್ರೇಕ್ ಇರಲಿಲ್ಲ ಎಂದು ಹೊನ್ನಾಳಿಯ ಜನ ಆಡಿಕೊಳ್ಳುತ್ತಿದ್ದುದು ಶುದ್ಧ ಸುಳ್ಳು. ಹ್ಯಾಂಡ್ ಬ್ರೇಕ್ ಇತ್ತು; ಹಿಡಿಯುತ್ತಿರಲಿಲ್ಲ, ಅಷ್ಟೇ. ಅದರ ಕೆಲಸವನ್ನು ಸೀಟಿನ ಕೆಳಗಿನ ಒಂದು ಕಪ್ಪು ಕಲ್ಲು ನೋಡಿಕೊಳ್ಳುತ್ತಿತ್ತು. ಲಾರಿ ನಿಂತ ಕೂಡಲೇ ತಿಪ್ಪೇಶಪ್ಪ ಕಲ್ಲು ಹಿಡಿದು ಕೆಳಗೆ ಹಾರಿ ಹಿಂದಿನ ಗಾಲಿಗೆ ಕೊಡುತ್ತಿದ್ದ. ಹೊರಡುವಾಗ ಕಲ್ಲು ಕಿತ್ತುಕೊಂಡು, ಆಗಲೇ ಉರುಳತೊಡಗಿದ ಲಾರಿಯ ಜೊತೆ ಓಡಿ ಹತ್ತಿ ಕೂರುತ್ತಿದ್ದ. ನಲವತ್ತೆಂಟರ ವಯಸ್ಸಿಗೆ ಆತ ಅಷ್ಟು ತೆಳ್ಳಗಿದ್ದುದಕ್ಕೆ ಇದೇ ಕಾರಣವಿರಬೇಕು.

ಮುಂದಿನ ದೀಪಗಳಲ್ಲಿ ಒಂದು ಉರಿಯುತ್ತಿತ್ತು. ಕತ್ತಲಲ್ಲಿ ಎದುರಿಗೆ ಬರುವವರು ಮೋಟಾರ್ ಸೈಕಲ್ ಎಂದುಕೊಂಡು ಅದಕ್ಕೆ ಸಾಕಾಗುವಷ್ಟೇ ದಾರಿ ಬಿಟ್ಟು, ಹತ್ತಿರ ಬಂದ ಮೇಲೆ ಹೊಲಕ್ಕೆ ಹಾರುತ್ತಿದ್ದರು. ಮೀಟರುಗಳೆಲ್ಲ ಎಂದೋ ಕಣ್ಣು ಮುಚ್ಚಿದ್ದವು. ಡೀಸೆಲ್ ಎಷ್ಟಿದೆ ಎಂದು ಕಡ್ಡಿ ಅದ್ದಿ ನೋಡುವುದು, ಇಂಜಿನ್ ಕಾದಿದೆಯೇ ಎಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುವುದು, ವೇಗ ಎಷ್ಟಿದೆ ಎಂದು ಕೊರಳಿನ ಟವೆಲ್ಲು ಎಷ್ಟು ಹಾರುತ್ತಿದೆ ಎಂಬುದರಿಂದ ಲೆಕ್ಕ ಹಾಕುವುದು. ಚನ್ನಗಿರಿಯ ಸಾಹುಕಾರರ ಬಳಿಯ ಡ್ರೈವರ್ ಕೆಲಸ ಬಿಟ್ಟು ಸ್ವಂತಕ್ಕೆ ಈ ಹಳೇ ಲಾರಿ ಕೊಂಡ ಮೇಲೆ ಹೀಗೆ ಎರಡು ವರ್ಷ ಯಾವ ತೊಂದರೆಯೂ ಇಲ್ಲದೆ ನಡೆದಿತ್ತು.

ತೊಂದರೆ ಬಂದದ್ದು ಎಂಬತ್ತೈದರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಕಾಫಿಯ ಜೊತೆ.

"ನಿನ್ನೆ ಪೊಲೀಸಪ್ಪ ಬಂದಿದ್ದ ಕಣ್ರಿ," ಎಂದಳು ಹೆಂಡತಿ ಸಾವಂತ್ರಮ್ಮ, ಲೋಟ ಕೈಗೆ ಕೊಡುತ್ತಾ. "ಇವತ್ತು ಹನ್ನೊಂದು ಗಂಟೆಗೆ ಲಾರಿ ತಾಲ್ಲೂಕು ಆಫೀಸಿನ ಬಯಲಿಗೆ ತರಬೇಕಂತೆ. ಬ್ರೇಕ್ ಇನ್ಸ್‌ಪೆಕ್ಟರ್ ನೋಡ್ತಾರಂತೆ. ಚೀಟಿಗೆ ಸೈನ್ ಮಾಡಿಸ್ಕೊಂಡು ಹೋದ."

"ಚೀಟೀಲಿ ಇನ್ನೇನು ಬರೆದಿತ್ತೇ?"

"ಬೆಲ್ಲದ ಪಾಕ ಒಲೆ ಮ್ಯಾಲಿತ್ತು. ಪಾಕ ನೋಡ್ಲೋ, ಚೀಟಿ ಓದ್ಲೋ?"

ತಿಪ್ಪೇಶಪ್ಪ ಕಾಫಿ ಕುಡಿಯದೆ ಲೋಟ ಕೆಳಗಿಟ್ಟ. ಮಗಳು ಲಕ್ಷ್ಮಮ್ಮನ ಮದುವೆ ಮರುದಿನ ಬೆಳಿಗ್ಗೆ ಜಗಳೂರಿನಲ್ಲಿ, ಗಂಡಿನ ಮನೆಯಲ್ಲಿ. ಹೆಣ್ಣಿನ ದಿಬ್ಬಣ ಇವತ್ತೇ ಸಂಜೆ ಹೊರಡಬೇಕು. "ನಿಮ್ಮ ಸೊಸೇನ ನಮ್ಮ ಸ್ವಂತ ಲಾರೀಲೇ ಕರ್ಕೊಂಡು ಬರ್ತೀವಿ" ಎಂದು ಬೀಗರ ಮುಂದೆ ಎದೆಯುಬ್ಬಿಸಿ ಹೇಳಿ ಬಂದವನು ತಿಪ್ಪೇಶಪ್ಪನೇ. ಒಂದು ವಾರದಿಂದ ಸಾಸ್ವೆಹಳ್ಳಿ, ಗೋವಿನಕೋವಿ ಅಂತ ಲಗ್ನಪತ್ರಿಕೆ ಹಂಚುತ್ತಾ ಅಲೆದು ನಿನ್ನೆ ಕತ್ತಲಾದ ಮೇಲೆ ಮನೆ ಸೇರಿದ್ದ. ಈಗ ಇನ್ಸ್‌ಪೆಕ್ಟರು ಲಾರಿಯನ್ನು ನೋಡಿ ರಸ್ತೆಗಿಳಿಯಲು ಯೋಗ್ಯವಲ್ಲ ಎಂದು ಬರೆದುಬಿಟ್ಟರೆ?

ಎದುರು ಮನೆಯ ಮೂಕಪ್ಪನೂ ಲಾರಿ ಮಾಲೀಕನೇ. ಹೆಸರಿಟ್ಟವರಿಗೆ ಆತ ಮುಂದೆ ಏನಾಗುತ್ತಾನೆ ಎಂಬುದು ಗೊತ್ತಿರಲಿಲ್ಲ, ನಿದ್ದೆಯಲ್ಲೂ ಮಾತಾಡುತ್ತಿದ್ದ. ತಿಪ್ಪೇಶಪ್ಪ ವಿಷಯ ಹೇಳಿದಾಗ ಮೂಕಪ್ಪ ಮುಖ ಗಂಭೀರ ಮಾಡಿಕೊಂಡ.

"ಅಯ್ಯಯ್ಯೋ ತಿಪ್ಪೇಶಿ, ಈ ಇನ್ಸ್‌ಪೆಕ್ಟರು ಬಲು ಖಡಕ್ಕು. ಲೈಟು, ಹಾರನ್ನು, ಹ್ಯಾಂಡ್ ಬ್ರೇಕು, ಮೀಟರು, ಒಂದು ಕೆಟ್ಟಿದ್ರೂ ಮುಗೀತು. ನಿನ್ನ ಲಾರೀಲಿ ಏನು ಸರಿ ಐತೆ?"

"ಕಲ್ಲು ಗಟ್ಟಿ ಐತೆ."

ಮೂಕಪ್ಪ ತನ್ನ ಲಾರಿಯ ಕಡೆ ಒಮ್ಮೆ ನೋಡಿದ. ಆಮೇಲೆ ತಿಪ್ಪೇಶಪ್ಪನ ಹೆಗಲ ಮೇಲೆ ಕೈಯಿಟ್ಟು, "ಹೆದರಬ್ಯಾಡ. ಲಕ್ಷ್ಮಿ ನನಗೂ ಮಗಳೇ ಅಲ್ಲೇನು? ನನ್ನ ಲಾರಿ ಹ್ಯಾಂಡ್ ಬ್ರೇಕಿನ ಸಾಮಾನು, ಹಿಂದಿನ ಲೈಟು ಎಲ್ಲಾ ಬಿಚ್ಕೊ," ಎಂದ.

"ನಿನ್ನ ಲಾರೀನೂ ಕರೆದಿರಬೇಕಲ್ಲ ಮೂಕಪ್ಪಣ್ಣ?"

"ಕರೆದಾರೆ, ಬಿಡು. ನನಗೇನು ನಾಳೆ ಮದುವೆ ಐತಾ?"

ಅಷ್ಟರಲ್ಲಿ ಅಕ್ಕಿ ಗಿರಣಿಯ ಷಣ್ಮುಖಪ್ಪನವರು ಬಂದರು. ಇವರಿಗೂ ಒಂದು ಲಾರಿ. ಹಿಂದಿನ ವರ್ಷ ಒಂದು ಸ್ಪ್ಯಾನರ್ ಕೇಳಿದ್ದಕ್ಕೆ ವಾಪಸ್ಸು ತಂದುಕೊಡುವ ದಿನ ಬರೆಸಿಕೊಂಡವರು. ಅಂಥವರು ಈಗ, "ಮುಂದಿನ ಎರಡೂ ಬಲ್ಬು ನಮ್ಮವು ಹಾಕ್ಕೊಳ್ರಿ ತಿಪ್ಪೇಶಪ್ಪ. ಮೀಟರ್ ಬೋರ್ಡು ಪೂರ್ತಿ ತಗೊಳ್ರಿ. ಸಂಕೋಚ ಬ್ಯಾಡ," ಎಂದರು. ಸುದ್ದಿ ತಿಳಿದು ಪೇಟೆ ಬೀದಿಯ ಲಾರಿಯವರೊಬ್ಬರು ಹಾರನ್ನು ಕಳಿಸಿದರು. ಇನ್ನೊಬ್ಬರು ವೈಪರ್ ಕಳಿಸಿದರು. ಮಳೆಗಾಲಕ್ಕೆ ಇನ್ನೂ ಮೂರು ತಿಂಗಳಿತ್ತು.

ತಿಪ್ಪೇಶಪ್ಪನ ಕಣ್ಣು ತುಂಬಿ ಬಂತು. ಇಂಥ ಊರಿನಲ್ಲಿದ್ದುಕೊಂಡು ತಾನು ಎಷ್ಟೋ ಸಲ ಈ ಜನರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಸಾವಂತ್ರಮ್ಮನಿಗೆ ಮಾತ್ರ ಹಾಗೇನೂ ಆಗಲಿಲ್ಲ.

"ಏನ್ರೀ, ಇವರೆಲ್ಲಾ ಯಾಕೆ ಹಿಂಗೆ ಒಮ್ಮೆಗೇ ಒಳ್ಳೇವರಾದ್ರು?"

"ನಿನಗೆ ಯಾವಾಗ್ಲೂ ಅನುಮಾನ," ಎಂದು ಗದರಿ ತಿಪ್ಪೇಶಪ್ಪ ಹೊರಗೆ ಬಂದ. ವೋಟಿನ ಜೀಪೊಂದು ಮೈಕಿನಲ್ಲಿ ಕೂಗುತ್ತಾ ಬೀದಿಯಿಡೀ ಧೂಳೆಬ್ಬಿಸಿ ಹೋಯಿತು. ಮೆಕ್ಯಾನಿಕ್ ಚಿತ್ತಪ್ಪ ಸಾಮಾನಿನ ಚೀಲದೊಂದಿಗೆ ಆ ಧೂಳಿನೊಳಗಿಂದಲೇ ಪ್ರತ್ಯಕ್ಷನಾದ.

ರಿಪೇರಿ ಶುರುವಾಯಿತು. ನೋಡಲು ನಿಂತವರೆಲ್ಲ ಸಲಹೆ ಕೊಟ್ಟರು. ಷಣ್ಮುಖಪ್ಪನವರಂತೂ ಲಾರಿಯ ಸುತ್ತ ಎರಡು ಸುತ್ತು ಹಾಕಿ, "ಹ್ಯಾಂಡ್ ಬ್ರೇಕ್ ಬಂತಲ್ಲ, ಇನ್ನು ಈ ಕಲ್ಲು ಯಾಕೆ?" ಎಂದು ಚಪ್ಪಲಿಯಿಂದ ಒದ್ದು ಕಲ್ಲನ್ನು ಸರಿಸಿದರು. ಬಂದಿದ್ದ ಹ್ಯಾಂಡ್ ಬ್ರೇಕು ಇನ್ನೂ ಚಿತ್ತಪ್ಪನ ಕೈಯಲ್ಲಿತ್ತು. ಲಾರಿ ಯಾರಿಗೂ ಹೇಳದೆ ನಿಧಾನವಾಗಿ ಹಿಂದಕ್ಕೆ ಹೊರಟು, ಮನೆ ಮುಂದಿನ ಮದುವೆ ಚಪ್ಪರದೊಳಗೆ ನುಗ್ಗಿ, ಎರಡು ಕಂಬ ಮುರಿದು, ಮೈತುಂಬ ತೆಂಗಿನ ಗರಿ ಮಾವಿನ ತೋರಣ ಹೊದ್ದುಕೊಂಡು ಜಗುಲಿಗೆ ತಾಗಿ ನಿಂತಿತು.

"ಲಾರಿಗೇ ಧಾರೆ ಎರೆದುಬಿಡ್ರಿ, ಕೆಲಸ ಮುಗೀತದೆ!" ಎಂದು ಸಾವಂತ್ರಮ್ಮ ಒಳಗಿನಿಂದ ಕೂಗಿದಳು.

ಗರಿ ಕೀಳಲು ಅರ್ಧ ಗಂಟೆ ಹಿಡಿಯಿತು. ತಂತಿ ಜೋಡಿಸುವುದು ಇನ್ನೂ ಕಷ್ಟವಾಯಿತು. ಮೊದಲ ಸಲ ಹಾರನ್ ಒತ್ತಿದರೆ ಹಿಂದಿನ ಕೆಂಪು ದೀಪ ಹತ್ತಿತು. ಬಲಗಡೆಯ ಇಂಡಿಕೇಟರ್ ಹಾಕಿದರೆ ವೈಪರ್ ಕೈ ಬೀಸಿತು. ಚಿತ್ತಪ್ಪ ಬೈದುಕೊಳ್ಳುತ್ತಾ ಎಲ್ಲ ಬಿಚ್ಚಿ ಮತ್ತೆ ಜೋಡಿಸಿದ. ಹತ್ತೂವರೆಗೆ ಎಲ್ಲವೂ ಸರಿಯಾಗಿ ಉರಿದವು, ಕೂಗಿದವು, ಹಿಡಿದವು.

"ಇದು ಡಿಮ್ಮು, ಇದು ಬ್ರೈಟು, ಇದು ನಿಲ್ಲಿಸಿದಾಗ ಹಾಕೋ ಪಾರ್ಕಿಂಗ್ ಲೈಟು," ಎಂದು ಚಿತ್ತಪ್ಪ ಪಾಠ ಹೇಳಿದ. "ಈ ಮುಳ್ಳು ಕೆಂಪಿಗೆ ಹೋದ್ರೆ ಇಂಜಿನ್ ಕಾದೈತೆ ಅಂತ. ತಿಳೀತಾ?"

"ತಿಳೀತು," ಎಂದ ತಿಪ್ಪೇಶಪ್ಪ. ಆತನ ಅಂಗೈ ಮಾತ್ರ ಬಾನೆಟ್ಟಿನ ಮೇಲೆ ಹೋಗಿ ಕೂತಿತ್ತು.

ಬೋರ್ಡಿನ ತುಂಬ ಮುಳ್ಳುಗಳು ಅಲುಗಾಡುವುದನ್ನು ನೋಡಿ ತಿಪ್ಪೇಶಪ್ಪನಿಗೆ ಗಾಬರಿಯಾಯಿತು. ಇಷ್ಟು ದಿನ ರಸ್ತೆ ನೋಡಿಕೊಂಡು ಓಡಿಸುತ್ತಿದ್ದವನು ಈಗ ಮುಳ್ಳು ನೋಡಿಕೊಂಡು ಓಡಿಸತೊಡಗಿದ. ಲಾರಿಯೋ, ಯಾರೋ ಹಿಂದಿನಿಂದ ಹಿಡಿದೆಳೆಯುತ್ತಿರುವಂತೆ ತಿಣುಕುತ್ತಾ ಸಾಗಿತು. ಬಸ್ ಸ್ಟ್ಯಾಂಡಿನ ಹತ್ತಿರ ಬರುವಷ್ಟರಲ್ಲಿ ಕೆಳಗಿನಿಂದ ಹೊಗೆ ಎದ್ದಿತು. ಮೂಕಪ್ಪ ತನ್ನ ಲಾರಿ ನಿಲ್ಲಿಸಿ ಓಡಿ ಬಂದ.

"ಹ್ಯಾಂಡ್ ಬ್ರೇಕ್ ಬಿಟ್ಟಿದೀಯೇನೋ?"

"ಬಿಡಬೇಕಾ?" ಎಂದ ತಿಪ್ಪೇಶಪ್ಪ. ಕಲ್ಲು ಎತ್ತಿಟ್ಟುಕೊಂಡರೆ ಸಾಕೆಂಬ ಎರಡು ವರ್ಷದ ವಿದ್ಯೆ ಹಿಂದೆ ಕಲಿತದ್ದನ್ನೆಲ್ಲ ಮರೆಸಿತ್ತು.

ತಾಲ್ಲೂಕು ಆಫೀಸಿನ ಬಯಲಿನಲ್ಲಿ ಐದು ಲಾರಿಗಳು ಸಾಲಾಗಿ ನಿಂತವು. ಬ್ರೇಕ್ ಇನ್ಸ್‌ಪೆಕ್ಟರು ಸೀಮೆಸುಣ್ಣ ಹಿಡಿದು ಒಂದೊಂದನ್ನೇ ನೋಡುತ್ತಾ ಬಂದರು. ಮೊದಲು ಮೂಕಪ್ಪನ ಲಾರಿ.

"ಹ್ಯಾಂಡ್ ಬ್ರೇಕ್?"

"ಇಲ್ಲ ಸಾರ್."

"ಹಿಂದಿನ ದೀಪ?"

"ಅದೂ ಇಲ್ಲ ಸಾರ್." ಮೂಕಪ್ಪ ಇಷ್ಟು ಕಡಿಮೆ ಮಾತಾಡಿದ್ದನ್ನು ಊರಿನವರು ಕಂಡಿರಲಿಲ್ಲ.

ಇನ್ಸ್‌ಪೆಕ್ಟರು ಬಾಗಿಲ ಮೇಲೆ ದೊಡ್ಡದಾಗಿ ಒಂದು ಅಡ್ಡಗೆರೆ ಎಳೆದರು. ಷಣ್ಮುಖಪ್ಪನವರ ಲಾರಿಯಲ್ಲಿ ಮುಂದಿನ ಬಲ್ಬುಗಳಿರಲಿಲ್ಲ, ಮೀಟರ್ ಬೋರ್ಡಿನ ಜಾಗದಲ್ಲಿ ಬರೀ ತೂತಿತ್ತು. ಅದಕ್ಕೂ ಅಡ್ಡಗೆರೆ. ಹಾರನ್ನಿಲ್ಲದ್ದಕ್ಕೊಂದು, ವೈಪರಿಲ್ಲದ್ದಕ್ಕೊಂದು. ಒಂದೊಂದು ಗೆರೆ ಬಿದ್ದಾಗಲೂ ತಿಪ್ಪೇಶಪ್ಪ ತಲೆ ತಗ್ಗಿಸುತ್ತಿದ್ದ. ತನ್ನ ಮಗಳಿಗಾಗಿ ಇವರೆಲ್ಲ ಹೀಗೆ ಅವಮಾನ ಪಡುವುದೇ? ಆತ ತಡೆಯಲಾರದೆ ಮುಂದೆ ಬಂದ.

"ಸಾರ್, ಇವರದ್ದು ತಪ್ಪಿಲ್ಲ. ಇವರ ಲಾರಿಗಳೆಲ್ಲಾ ಸರಿ ಅದಾವೆ. ಬಲ್ಬು, ಬ್ರೇಕು ಎಲ್ಲಾ ನನ್ನ..."

ಮಾತು ಮುಗಿಯುವ ಮೊದಲೇ ಮೂಕಪ್ಪ ಆತನ ಬಾಯಿಯ ಮೇಲೆ ಕೈಯಿಟ್ಟ. ಷಣ್ಮುಖಪ್ಪನವರು, "ಮಗಳ ಮದುವೆ ಸಾರ್, ನಿದ್ದೆಗೆಟ್ಟು ಏನೇನೋ ಮಾತಾಡ್ತಾನೆ," ಎಂದು ತಿಪ್ಪೇಶಪ್ಪನನ್ನು ಹಿಂದಕ್ಕೆಳೆದರು. ಎಂಥ ದೊಡ್ಡ ಮನಸ್ಸು ಎಂದು ತಿಪ್ಪೇಶಪ್ಪ ಮತ್ತೊಮ್ಮೆ ಕಣ್ಣೊರೆಸಿಕೊಂಡ.

ಕೊನೆಯದು ಆತನ ಲಾರಿ. ಇನ್ಸ್‌ಪೆಕ್ಟರು ಡಿಮ್ ಎಂದರೆ ಡಿಮ್, ಬ್ರೈಟ್ ಎಂದರೆ ಬ್ರೈಟ್. ಹಾರನ್ ಕೂಗಿದ್ದಕ್ಕೆ ತಾಲ್ಲೂಕು ಆಫೀಸಿನ ಪಾರಿವಾಳಗಳು ಹಾರಿಹೋದವು. ಮುಳ್ಳುಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಹ್ಯಾಂಡ್ ಬ್ರೇಕ್ ಎಳೆಸಿ, ಅಭ್ಯಾಸಬಲದಿಂದ ಆತ ಗಾಲಿಗೆ ಕೊಟ್ಟಿದ್ದ ಕಲ್ಲನ್ನು ಸರಿಸಿ, ನಾಲ್ಕು ಜನರಿಂದ ನೂಕಿಸಿದರು. ಲಾರಿ ಅಲುಗಾಡಲಿಲ್ಲ.

"ಭೇಷ್!" ಎಂದರು ಇನ್ಸ್‌ಪೆಕ್ಟರು. "ಈ ತಾಲ್ಲೂಕಿನಲ್ಲಿ ಲಾರಿ ಅಂತ ಇದ್ದರೆ ಇದೊಂದೇ. ಇಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಲ್ಲ, ನಿಮ್ಮನ್ನು ನೋಡಿ ಉಳಿದವರು ಕಲಿಯಬೇಕು."

ತಿಪ್ಪೇಶಪ್ಪನ ಎದೆ ಉಬ್ಬಿತು. ಇನ್ಸ್‌ಪೆಕ್ಟರು ಹಿಂದಕ್ಕೆ ತಿರುಗಿ ಸನ್ನೆ ಮಾಡಿದರು. ತಾಲ್ಲೂಕು ಆಫೀಸಿನ ಗುಮಾಸ್ತನೊಬ್ಬ ಗೋಂದಿನ ಡಬ್ಬಿ ಹಿಡಿದು ಬಂದು ಮುಂದಿನ ಗಾಜಿಗೆ ಒಂದು ದೊಡ್ಡ ಕಾಗದ ಅಂಟಿಸಿದ. ಅದರಲ್ಲಿ 'ಚುನಾವಣಾ ಕರ್ತವ್ಯ' ಎಂದಿತ್ತು.

"ಇದೇನು ಸಾರ್?"

"ಎಲೆಕ್ಷನ್‌ಗೆ ಲಾರಿ ಬೇಕಲ್ಲ. ಮತಪೆಟ್ಟಿಗೆ, ಸಿಬ್ಬಂದಿ ಹಳ್ಳಿಹಳ್ಳಿಗೆ ಹೋಗಬೇಕು. ಸರಿಯಿದ್ದ ಲಾರಿ ಆರಿಸೋಕೆ ತಾನೇ ಇವತ್ತು ಕರೆಸಿದ್ದು? ಈ ಹೊತ್ತಿನಿಂದ ನಾಲ್ಕು ದಿನ ಲಾರಿ, ಡ್ರೈವರು ಇಬ್ಬರೂ ಸರ್ಕಾರದ ವಶ."

ತಿಪ್ಪೇಶಪ್ಪ ನಾಲ್ಕೂ ಲಾರಿಗಳ ಮೇಲಿನ ಅಡ್ಡಗೆರೆಗಳನ್ನು ನೋಡಿದ. ಅವುಗಳ ಮಾಲೀಕರು ಒಬ್ಬರಾದ ಮೇಲೊಬ್ಬರು ಆಕಾಶ ನೋಡತೊಡಗಿದರು. ಅವರೆಲ್ಲ ತಮ್ಮ ತಮ್ಮ ಚೀಟಿ ಪೂರ್ತಿ ಓದಿದ್ದರು ಎಂದು ಆಗ ಆತನಿಗೆ ತಿಳಿಯಿತು. ತಾನು ಬರೀ ಡ್ರೈವರಾಗಿದ್ದಾಗ ಚನ್ನಗಿರಿಯ ಸಾಹುಕಾರರು ಪ್ರತಿ ಎಲೆಕ್ಷನ್ ಬಂದಾಗಲೂ ಲಾರಿಯನ್ನು ಬೊಂಬಾಯಿಗೆ ಯಾಕೆ ಕಳಿಸುತ್ತಿದ್ದರು ಎಂಬುದೂ ತಿಳಿಯಿತು.

"ಮೂಕಪ್ಪಣ್ಣ," ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಮೂಕಪ್ಪನಿಗೆ ತಡೆಯಲಾಗಲಿಲ್ಲ.

"ಮದುವೆ ಲಾರಿ ಅಂದ್ರೆ ಬಿಡ್ತಾರೆ ಅಂದ್ಕೊಂಡ್ವಿ ಕಣೋ ತಿಪ್ಪೇಶಿ! ಕೆಟ್ಟ ಲಾರೀನ ಎಲೆಕ್ಷನ್‌ಗೆ ಹಿಡಿಯಲ್ಲ, ಆದ್ರೆ ಬಲ್ಬು ಬಿಚ್ಚಿ ಮನೇಲಿಟ್ರೆ ಪೊಲೀಸ್ರು ಹುಡುಕ್ತಾರೆ. ನಿನ್ನ ಲಾರೀಲಿದ್ರೆ ನಿನಗೂ ಒಳ್ಳೇದು, ನಮಗೂ ಒಳ್ಳೇದು ಅಂದ್ಕೊಂಡ್ವಿ. ನನ್ನ ಬಾಯಿಗೆ ಮಣ್ಣು ಹಾಕ!"

ತಹಶೀಲ್ದಾರರ ಬಳಿಗೆ ಓಡಿದರು. "ಬೆಳಿಗ್ಗೆಯಿಂದ ಇದು ಐದನೇ ಮಗಳ ಮದುವೆ," ಎಂದರು ತಹಶೀಲ್ದಾರರು ತಲೆಯೆತ್ತದೆ. ಲಗ್ನಪತ್ರಿಕೆ ಮುಂದಿಟ್ಟ ಮೇಲೆ ಓದಿದರು. ತಿಪ್ಪೇಶಪ್ಪನ ಮುಖ ನೋಡಿ ಅವರಿಗೂ ಕನಿಕರ ಬಂದಿರಬೇಕು. "ಲಾರಿ ಬಿಡೋಕಾಗಲ್ಲ. ಬೇರೆ ಡ್ರೈವರ್ ಕೊಟ್ಟು ನೀವು ಹೋಗಿ."

"ನಾನೇ ಇರ್ತೀನಿ ಸಾರ್," ಎಂದ ಮೂಕಪ್ಪ. ಯಾವ ಕೆಲಸ ತಪ್ಪಿಸಿಕೊಳ್ಳಲು ಬೆಳಿಗ್ಗೆ ತನ್ನ ಲಾರಿಯ ಬ್ರೇಕು ಬಿಚ್ಚಿಸಿದ್ದನೋ ಅದೇ ಕೆಲಸಕ್ಕೆ ಸೈನ್ ಹಾಕಿದ. ಷಣ್ಮುಖಪ್ಪನವರು ತಿಪ್ಪೇಶಪ್ಪನ ಕೈ ಹಿಡಿದು, "ದಿಬ್ಬಣಕ್ಕೆ ನಮ್ಮ ಲಾರಿ. ಡೀಸೆಲ್ಲೂ ನಮ್ಮದೇ," ಎಂದರು. ಈ ಸಲ ದಿನ ಬರೆಸಿಕೊಳ್ಳಲಿಲ್ಲ.

ತಿಪ್ಪೇಶಪ್ಪನ ಲಾರಿಯಿಂದ ಬಲ್ಬು ಬಿಚ್ಚಿಕೊಳ್ಳಲು ಹೋದರೆ ಕಾವಲಿಗೆ ಹಾಕಿದ್ದ ಪೊಲೀಸಪ್ಪ ಲಾಠಿ ಅಡ್ಡ ಹಿಡಿದ. "ಒಂದು ನಟ್ಟು ಮುಟ್ಟಿದ್ರೂ ಕೇಸು." ತಿಪ್ಪೇಶಪ್ಪನ ಹಳೇ ಬಲ್ಬು ಬೆಳಿಗ್ಗೆ ಬಿಚ್ಚುವಾಗಲೇ ಒಡೆದಿತ್ತು, ಮೂಕಪ್ಪನ ಲಾರಿಯವು ಇದಕ್ಕೆ ಕೂರಲಿಲ್ಲ, ಉಳಿದ ಲಾರಿಗಳು ಆಗಲೇ ಬಾಡಿಗೆಗೆ ಹೋಗಿದ್ದವು. ಹೊಸ ಬಲ್ಬು ಕೊಳ್ಳೋಣವೆಂದರೆ ಊರಿಗಿದ್ದ ಒಂದೇ ಲಾರಿ ಸಾಮಾನಿನ ಅಂಗಡಿಯವನು ಇದೇ ಮದುವೆಗೆಂದು ಬೀಗ ಹಾಕಿ ಮಧ್ಯಾಹ್ನದ ಬಸ್ಸಿಗೇ ಹೋಗಿದ್ದ. ನಾಲ್ಕು ಗಂಟೆಗೆ ಹೊರಟುಬಿಟ್ಟರೆ ಬೆಳಕಿರುವಾಗಲೇ ದಾವಣಗೆರೆ ಸೇರಿ ಅಲ್ಲೇ ಬಲ್ಬು ಹಾಕಿಸಬಹುದು ಎಂದು ತೀರ್ಮಾನವಾಯಿತು.

ಆದರೆ ನಾಲ್ಕು ಗಂಟೆಗೆ ಹೊರಟ ದಿಬ್ಬಣ ಯಾವ ಊರಿನಲ್ಲಾದರೂ ಉಂಟೇ? ಒಬ್ಬ ಅತ್ತೆಯ ಸರ ಕಳೆಯಿತು, ಸಿಕ್ಕಿತು. ಇನ್ನೊಬ್ಬ ಅತ್ತೆ ಮುನಿಸಿಕೊಂಡರು, ಇಳಿದರು, ಹತ್ತಿದರು. ಲಕ್ಷ್ಮಮ್ಮ ಅವ್ವನನ್ನು ತಬ್ಬಿ ಅತ್ತಳು. ಸಾವಂತ್ರಮ್ಮನೂ ಜೊತೆಗೇ ಬರುವವಳಾದರೂ ಬಿಡದೆ ಅತ್ತಳು. ಲಾರಿ ಹೊರಡುವಾಗ ದೀಪ ಹಚ್ಚುವ ಹೊತ್ತಾಗಿತ್ತು.

ತಿಪ್ಪೇಶಪ್ಪ ಸ್ಟೇರಿಂಗ್ ಹಿಡಿದು ಕೂತ. ಎದುರಿಗೆ ಮೀಟರುಗಳಿಲ್ಲದ ತೂತು, ಮುಂದೆ ದೀಪವಿಲ್ಲದ ಕತ್ತಲು. ನಿಜ ಹೇಳಬೇಕೆಂದರೆ ಬೆಳಿಗ್ಗೆಯಿಂದ ಮೊದಲ ಸಲ ಆತನಿಗೆ ತನ್ನ ಲಾರಿಯಲ್ಲಿದ್ದಷ್ಟು ನಿರಾಳವಾಯಿತು. ಟವೆಲ್ಲು ಹೆಚ್ಚು ಹಾರದಂತೆ ನೋಡಿಕೊಂಡು, ಹಿಂದೆ ಸೋಬಾನೆ ಹಾಡುವ ಹೆಂಗಸರನ್ನು ಹೊತ್ತು, ನಡೆಯುವ ವೇಗದಲ್ಲಿ ಹೊಳೆಯ ಸೇತುವೆಯವರೆಗೆ ಬಂದ.

ಸೇತುವೆಯ ಬಾಯಲ್ಲಿ ಪೀಪಿ ಕೂಗಿತು. ಟಾರ್ಚಿನ ಬೆಳಕು ಲಾರಿಯ ಮುಖದ ಮೇಲೆ, ಬಾಗಿಲಿನ ಅಡ್ಡಗೆರೆಯ ಮೇಲೆ, ಕೊನೆಗೆ ಡ್ರೈವರನ ಮೇಲೆ ಬಿತ್ತು. ಎಲೆಕ್ಷನ್ ತಪಾಸಣೆಗೆ ನಿಂತಿದ್ದ ಬ್ರೇಕ್ ಇನ್ಸ್‌ಪೆಕ್ಟರು ಕಣ್ಣುಜ್ಜಿಕೊಂಡರು.

"ನೀವಾ! ಬೆಳಿಗ್ಗೆ ಅಷ್ಟು ಹೊಗಳಿದೆನಲ್ರೀ ನಿಮ್ಮನ್ನ! ಹಿಂದೆ ಹೆಂಗಸರು ಮಕ್ಕಳನ್ನ ಕೂರಿಸಿಕೊಂಡು ಕತ್ತಲಲ್ಲಿ ಹೊರಟಿದ್ದೀರಿ. ಎಲ್ರೀ ಈ ಲಾರಿ ಬಲ್ಬು?"

ತಿಪ್ಪೇಶಪ್ಪನಿಗೆ ಹುಟ್ಟಿದಂದಿನಿಂದ ಸುಳ್ಳು ಹೇಳಿ ಗೊತ್ತಿರಲಿಲ್ಲ.

"ನಿಮ್ಮ ವಶದಾಗೇ ಅದಾವೆ ಸಾರ್," ಎಂದ.