ಸಲಿಕಿ ಹಿಡಿತದ ಗಾಲ್ಫ್

ಗಾಲ್ಫ್ ಎಂದರೆ ಹಿಡಿತದ ಆಟ, ಗ್ರಿಪ್ ಒಂದು ಸರಿಹೋದರೆ ಉಳಿದದ್ದೆಲ್ಲ ತಾನಾಗಿಯೇ ಬರುತ್ತದೆ ಎಂದು ನಮ್ಮ ಹೊಸ ಜನರಲ್ ಮ್ಯಾನೇಜರ್ ಸಾಹೇಬರ ಎದುರು ಹೇಳಿದಾಗ ನನ್ನ ದನಿಯಲ್ಲಿ ಯಾವ ಅಳುಕೂ ಇರಲಿಲ್ಲ. ಅಲ್ಲಿಯವರೆಗೆ ನಾನು ಗಾಲ್ಫ್ ಕೋಲನ್ನು ಮುಟ್ಟಿಯೂ ಇರಲಿಲ್ಲ.

ಸುಳ್ಳಿಗೆ ಕಾರಣವಿತ್ತು. ನಮ್ಮ ಖರೀದಿ ವಿಭಾಗದಿಂದ ಒಬ್ಬರನ್ನು ಸಂಡೂರು ಗುಡ್ಡದ ಮೇಲಿನ ಗಣಿ ಕಚೇರಿಗೆ ವರ್ಗ ಮಾಡುವುದಿತ್ತು. ಪಟ್ಟಿಯಲ್ಲಿ ಮೂರು ಹೆಸರು, ಮೊದಲನೆಯದು ನನ್ನದು. ನಾನೋ ಹೊಸಪೇಟೆಯ ಮನೆಯ ಮೆಟ್ಟಿಲನ್ನೇ ಗೋಡೆ ಹಿಡಿದು ಇಳಿಯುವವನು. ದಿನಕ್ಕೆರಡು ಸಲ ಆ ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಕೂತರೆ ಬ್ರೇಕಿಗಿಂತ ಮೊದಲು ನನ್ನ ಎದೆ ನಿಲ್ಲುವುದು ಖಾತ್ರಿ. ವರ್ಗಾವಣೆಗೆ ಸಹಿ ಹಾಕಬೇಕಾದವರು ಈ ಸಾಹೇಬರು. ಅವರಿಗೆ ಗಾಲ್ಫ್ ಎಂದರೆ ಪ್ರಾಣ. ಕಂಪನಿ ಕಾಲೊನಿಯ ಗೆಸ್ಟ್ ಹೌಸ್ ಹಿಂದೆ ಹುಲ್ಲು ಬೆಳೆಸಿ ನಾಲ್ಕು ಕುಳಿ ತೋಡಿಸಿದ್ದರು.

"ಹಾಗಾದರೆ ಈ ಭಾನುವಾರ ಬನ್ನಿ, ಒಂದು ಕೈ ನೋಡೋಣ," ಎಂದರು. ಮೈಸೂರು ಕಡೆಯವರು. ಬೈದರೂ ಲಗ್ನಪತ್ರಿಕೆ ಓದಿದಂತಿರುತ್ತದೆ.

ಆರು ದಿನ ಬಾಕಿ. ಮಾಳಿಗೆಯ ಮೇಲೆ ಮೊಬೈಲನ್ನು ತುಳಸಿಕಟ್ಟೆಗೆ ಒರಗಿಸಿ, ವಿಡಿಯೋದಲ್ಲಿ ವಿದೇಶಿಯೊಬ್ಬ ಹೇಳಿದಂತೆ ಜೇಡರಬಲೆ ತೆಗೆಯುವ ಕೋಲು ಹಿಡಿದೆ. ಎಡಗೈ ಮೇಲೆ, ಬಲಗೈ ಕೆಳಗೆ. ಬಲಗೈ ಕಿರುಬೆರಳು ಎಡಗೈ ತೋರುಬೆರಳಿನ ಮೇಲೆ. ಒಟ್ಟಾರೆ ಹಿಡಿತ ಹೂವು ಹಿಡಿದಷ್ಟು ಹಗುರ.

ಬಟ್ಟೆ ಒಣಹಾಕಲು ಬಂದ ಹೆಂಡತಿ ಶಿವಲೀಲಾ ನೋಡಿದಳು. "ಅದೇನ್ರಿ, ನಿಮ್ ಕೂಡ ನೀವಾ ಟೂ ಬಿಟ್ಟಂಗ ಕಾಣ್ತದಲ್ಲ."

"ಇದು ಗ್ರಿಪ್. ಇದರ ಮೇಲೆ ನನ್ನ ವರ್ಗಾವಣೆ ನಿಂತದ."

"ನಿಂತಿದ್ರ ಚೊಲೋನ ಆತು. ನೀವ್ ಅಲ್ಲಾಡಬ್ಯಾಡ್ರಿ."

ಚೆಂಡಿಲ್ಲದ್ದಕ್ಕೆ ಅಡುಗೆಮನೆಯ ನಿಂಬೆಹಣ್ಣು ತಂದಿದ್ದೆ. ಬೀಸಿದೆ. ಹೂವಿನ ಹಿಡಿತವಾದ್ದರಿಂದ ನಿಂಬೆಹಣ್ಣಿನ ಬೆನ್ನಿಗೆ ಕೋಲೂ ಹೊರಟಿತು. ಕೋಲು ನಮ್ಮ ನೀರಿನ ಟ್ಯಾಂಕಿಗೆ ಬಡಿಯಿತು. ನಿಂಬೆಹಣ್ಣು ಪಕ್ಕದ ಮನೆಯ ಪಾರ್ವತಮ್ಮನವರ ಅಂಗಳಕ್ಕೆ ಬಿತ್ತು. ಅಂದು ಅಮಾವಾಸ್ಯೆ ಎನ್ನುವುದು ನನಗೆ ನೆನಪಿರಲಿಲ್ಲ. ಪಾರ್ವತಮ್ಮನವರಿಗೆ ನೆನಪಿತ್ತು.

"ಶಿವಲೀಲಾ, ಯಾರೋ ನಮ್ ಅಂಗಳದಾಗ ನಿಂಬಿಹಣ್ಣು ಒಗದಾರ ನೋಡವಾ!"

"ನಮ್ಮನಿಯವ್ರ ರೀ ಅಕ್ಕಾ. ಗಾಲ್ಫ್ ಅಂತ."

"ಗಾಲ್ಫಾ? ಅದ್ಯಾವ ದೇವ್ರವಾ?"

ಶುಕ್ರವಾರ ಮೆಟ್ರಿ ಹಳ್ಳಿಯಿಂದ ಮಾವನವರು ಬಾಳೆಗೊನೆ ಹೊತ್ತು ಬಂದರು. ಆಯುಷ್ಯವೆಲ್ಲ ಸಲಿಕೆ ಹಿಡಿದು ಗದ್ದೆಗೆ ನೀರು ತಿರುವಿದವರು. ನನ್ನ ಅಭ್ಯಾಸ ನೋಡಲಾರದೆ ಗೊನೆ ಇಳಿಸಿ ಹತ್ತಿರ ಬಂದರು.

"ಅಳಿಯಂದ್ರ, ಬೆರಳಾಗ ಹಿಡಿದ್ರ ಜಾರತದ. ಅಂಗೈ ತುಂಬ ಹಿಡೀರಿ. ಬಲಗೈ ಇನ್ನಾ ಕೆಳಗ. ಹಾಂ, ಈಗ ಸೊಂಟ ಬಗ್ಗಸ್ರಿ. ನೆಲಕ್ಕ ಹೆದರಬ್ಯಾಡ್ರಿ."

"ಮಾವ, ಇದು ಬ್ಯಾರೆ ಆಟ ಐತ್ರಿ."

"ಕೋಲು ಕೋಲಾ ಅಲ್ಲೇನ್ರಿ?"

ಅವರು ಹೇಳಿದಂತೆ ಹಿಡಿದು ಹೊಡೆದೆ. ನಿಂಬೆಹಣ್ಣು ನೆಟ್ಟಗೆ ಹೋಗಿ ಮಾಳಿಗೆಯ ಮೂಲೆ ಮುಟ್ಟಿತು. ಸಮಸ್ತ ವಿಡಿಯೋಗಳನ್ನು ಅಂದೇ ತ್ಯಜಿಸಿದೆ. ಮಾಳಿಗೆ ಸಿಮೆಂಟಿನದು, ಗಾಲ್ಫ್ ಮೈದಾನ ಮಣ್ಣಿನದು ಎಂಬ ಸಣ್ಣ ವ್ಯತ್ಯಾಸ ಮಾತ್ರ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಸಾಹೇಬರು ಬಿಳಿ ಪ್ಯಾಂಟು, ಬಿಳಿ ಬೂಟು ಧರಿಸಿ ನಿಂತಿದ್ದರು. ತಮ್ಮದೇ ಕೋಲೊಂದನ್ನು ಕೊಟ್ಟರು. ನಾನು ಅಂಗೈ ತುಂಬ ಹಿಡಿದು, ಸೊಂಟ ಬಗ್ಗಿಸಿ, ನೆಲಕ್ಕೆ ಹೆದರದೆ ಬೀಸಿದೆ. ಚೆಂಡು ಅಲ್ಲೇ ಇತ್ತು. ನೆಲ ಹೋಗಿತ್ತು.

"ಪರವಾಗಿಲ್ಲ," ಎಂದರು ಸಾಹೇಬರು, ಎರಡು ಹೆಜ್ಜೆ ಹಿಂದೆ ಸರಿದು. "ಗ್ರಿಪ್ ಸ್ವಲ್ಪ ಸಡಿಲ ಮಾಡಿಕೊಳ್ಳಿ."

ಸಡಿಲ ಮಾಡುವುದೇ? ಕಣ್ಣೆದುರು ಘಾಟಿ ಬಸ್ಸು ಬಂದು ನಿಂತಿತು. ಇನ್ನಷ್ಟು ಬಿಗಿಯಾಗಿ ಹಿಡಿದು ಹಾಕಿದೆ ನೋಡಿ, 'ಟಕ್' ಎಂದಿತು. ಚೆಂಡಿಗೇ ತಗುಲಿತೆಂದು ನಾನು ಹೆಮ್ಮೆಯಿಂದ ಆಕಾಶದತ್ತ ನೋಡಿದೆ. ಆಕಾಶದಲ್ಲಿ ನೀರಿತ್ತು. ಹುಲ್ಲಿಗೆ ನೀರುಣಿಸಲು ನೆಲದೊಳಗೆ ಹೂತಿದ್ದ ಪೈಪು ಒಡೆದು, ಸಾಹೇಬರ ಬಿಳಿ ಪ್ಯಾಂಟು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ವಾಲ್ವ್ ಬಂದ್ ಮಾಡಲು ಮಾಲಿ ಓಡಿದ. ವಾಲ್ವ್ ಇದ್ದದ್ದು ಗೆಸ್ಟ್ ಹೌಸಿನ ಆಚೆ. ನೀರು ಮಾತ್ರ ಯಾರಿಗಾಗಿಯೂ ಕಾಯದೆ, ಸಾಹೇಬರು ಮಗುವಿನಂತೆ ಸಾಕಿದ್ದ ಮೊದಲನೇ ಕುಳಿಯ ನುಣ್ಣನೆಯ ಹುಲ್ಲಿನತ್ತ ನಡೆದಿತ್ತು.

ಮುಂದೆ ನಡೆದದ್ದಕ್ಕೆ ನನ್ನ ಬುದ್ಧಿ ಹೊಣೆಯಲ್ಲ, ಕೈಗಳೇ ಹೊಣೆ. ಸಾಹೇಬರ ಕೋಲಿನಿಂದಲೇ ಪರಪರನೆ ಮಣ್ಣೆಳೆದು ಒಡ್ಡು ಹಾಕಿದೆ. ಪಕ್ಕದಲ್ಲೊಂದು ಕಾಲುವೆ ಸೀಳಿ ಅಷ್ಟೂ ನೀರನ್ನು ಚರಂಡಿಗೆ ತಿರುವಿದೆ. ಕುಳಿ ಉಳಿಯಿತು. ಕೋಲು ಡೊಂಕಾಯಿತು.

ಏದುಸಿರು ಬಿಡುತ್ತ ವಾಪಸಾದ ಮಾಲಿ ಕಾಲುವೆ ನೋಡಿ ನಿಂತುಬಿಟ್ಟ. "ಯಾವೂರ್ರೀ ಸಾಹೇಬ್ರ ನಿಮ್ದು? ಮಸ್ತ್ ತಿರುವೀರಿ ನೀರು."

ಸಾಹೇಬರು ಡೊಂಕು ಕೋಲನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. ಅದಕ್ಕೂ ಕಷ್ಟಪಡಬೇಕಾಯಿತು, ಹಿಡಿತ ಅಷ್ಟು ಬಿಗಿಯಾಗಿತ್ತು.

ಮರುದಿನ ಆದೇಶ ಬಂತು. ಗುಡ್ಡಕ್ಕೆ ಹೋಗುವವರ ಹೆಸರು ನನ್ನದಲ್ಲ! ಕಚೇರಿಯಿಂದಲೇ ಶಿವಲೀಲಾಗೆ ಫೋನ್ ಹಚ್ಚಿದೆ. "ಉಳಕೊಂಡ್ನಿ ನೋಡು."

"ಪೂರ್ತಿ ಓದ್ರಿ ಮೊದ್ಲು," ಎಂದಳು. ನನ್ನನ್ನು ಬಲ್ಲವಳು.

ಓದಿದೆ. ನನ್ನನ್ನು ತಕ್ಷಣದಿಂದಲೇ ಕಾಲೊನಿಯ ಉದ್ಯಾನ ಮತ್ತು ಚರಂಡಿ ವಿಭಾಗಕ್ಕೆ ನಿಯೋಜಿಸಲಾಗಿತ್ತು. ಕಾರಣದ ಜಾಗದಲ್ಲಿ ಒಂದೇ ಸಾಲು: "ಸದರಿಯವರು ವಿಷಯದಲ್ಲಿ ವಿಶೇಷ ಪರಿಣತಿ ಹೊಂದಿರುತ್ತಾರೆ."

ಇಪ್ಪತ್ತೆರಡು ವರ್ಷ ಖರೀದಿ ಕಡತ ತಿರುವಿದರೂ ನನಗೆ ಯಾವುದರಲ್ಲಾದರೂ ಪರಿಣತಿ ಇದೆಯೆಂದು ಒಬ್ಬರೂ ಬರೆದುಕೊಟ್ಟಿರಲಿಲ್ಲ. ನಾಚಿಕೆಯಿಂದ ಆ ಕಾಗದವನ್ನು ಯಾರಿಗೂ ತೋರಿಸಿಲ್ಲ. ಎರಡು ಜೆರಾಕ್ಸ್ ಮಾತ್ರ ಮಾಡಿಸಿ ಇಟ್ಟುಕೊಂಡಿದ್ದೇನೆ.